ಗರ್ಭಚೀಲ ಎರಡು ಭಾಗ ಐತಿ ಅಂದ್ರ ಕೂಸು ನಿಲ್ಲತೈತೇನ್ರಿ?

ಹುಬ್ಬಳ್ಳಿ-ಧಾರವಾಡದಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬರುವವರು ನಮ್ಮನ್ನು ಕೇಳುವುದು ಇದನ್ನೇ. ಜೊತೆಗೆ ಬಂದ ಅತ್ತೆಯದು ಇನ್ನೊಂದು: "ಆಪರೇಷನ್ ಮಾಡಿದ್ರ ಸರಿ ಹೋಗತೈತೇನ್ರಿ?" ಮೊದಲನೆಯದಕ್ಕೆ ಉತ್ತರ: ಬಹಳ ಮಂದಿಗೆ ನಿಲ್ಲುತ್ತದೆ. ಎರಡನೆಯದಕ್ಕೆ, ಯಾವ ನಮೂನೆಯ ಎರಡು ಭಾಗ ಅಂತ ಗೊತ್ತಾಗದೆ ಯಾರೂ ಉತ್ತರ ಕೊಡಬಾರದು.

ಹೆಣ್ಣು ಭ್ರೂಣದಲ್ಲಿ ಎಡಕ್ಕೊಂದು, ಬಲಕ್ಕೊಂದು ನಾಳ ಇರುತ್ತವೆ. ಅವೆರಡೂ ಕೂಡಿ, ನಡುವಿನ ಗೋಡೆ ಕರಗಿದರೆ ಒಂದು ಗರ್ಭಚೀಲ. ಕೂಡದೇ ಉಳಿದರೆ ಡೈಡೆಲ್ಫಿಸ್, ಅಂದರೆ ಎರಡು ಚೀಲ, ಎರಡು ಬಾಯಿ. ಅರ್ಧ ಕೂಡಿದರೆ ಎರಡು ಕೊಂಬಿನ ಬೈಕಾರ್ನುಯೇಟ್. ಕೂಡಿಯೂ ಗೋಡೆ ಉಳಿದರೆ ಸೆಪ್ಟೇಟ್. ಒಂದೇ ನಾಳ ಪೂರ್ತಿ ಬೆಳೆದರೆ ಒಂಟಿ ಕೊಂಬು. ತಾಯಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಎಚ್‌ಎಸ್‌ಜಿ ಎಕ್ಸ್‌ರೇಯಲ್ಲಿ (ಗರ್ಭಚೀಲಕ್ಕೆ ಬಣ್ಣದ ದ್ರವ ಬಿಟ್ಟು ತೆಗೆಯುವುದು) ಚೀಲದ ಒಳಗು ಮಾತ್ರ ಕಾಣುತ್ತದೆ. ಸೆಪ್ಟೇಟ್, ಬೈಕಾರ್ನುಯೇಟ್ ಎರಡೂ ಅದರಲ್ಲಿ ಒಂದೇ ಥರ. ಗುರುತು ಸಿಗುವುದು ಗರ್ಭಚೀಲದ ಹೊರಗಿನ ನೆತ್ತಿಯಲ್ಲಿ: ಅಲ್ಲಿ 1 ಸೆಂ.ಮೀ.ಗಿಂತ ಆಳದ ತಗ್ಗಿದ್ದರೆ ಬೈಕಾರ್ನುಯೇಟ್. ಅದಕ್ಕೆ 3ಡಿ ಸ್ಕ್ಯಾನ್ ಬೇಕು. ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಒಳಪದರ ದಪ್ಪಗಿರುವುದರಿಂದ ಆಗ ಮಾಡಿಸಿ, ಸ್ಪಷ್ಟವಾಗಿ ಕಾಣುತ್ತದೆ. ಅದೇ ದಿನ ಮೂತ್ರಪಿಂಡವನ್ನೂ ನೋಡಿಸಿ. ಇಂಥವರಲ್ಲಿ ಕೆಲವರಿಗೆ ಒಂದೇ ಇರುತ್ತದೆ.

ಆಪರೇಷನ್ ಮಾತು ಹೆಚ್ಚಾಗಿ ಬರುವುದು ಸೆಪ್ಟೇಟಿಗೆ. ಮೊದಲ ಮೂರು ತಿಂಗಳಲ್ಲಿ ಗರ್ಭಪಾತ ಹೆಚ್ಚಾಗುವುದು ಇದರಲ್ಲೇ. ಗರ್ಭಚೀಲದೊಳಗೆ ಹಿಸ್ಟರೋಸ್ಕೋಪ್ ಎಂಬ ದುರ್ಬೀನು ಹಾಕಿ ಗೋಡೆ ಕತ್ತರಿಸುವುದು ಸುಲಭ, ಲಾಭ ಎಷ್ಟು ಎಂಬುದೇ ಜಗಳ. 2021ರಲ್ಲಿ ಪ್ರಕಟವಾದ, 80 ಹೆಂಗಸರ ಪರೀಕ್ಷೆಯಲ್ಲಿ ಕತ್ತರಿಸಿದವರಿಗೂ ಬಿಟ್ಟವರಿಗೂ ಮಕ್ಕಳಾದ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆ ಸಣ್ಣದು, ಆದರೂ ಒಂದು ಸಲವೂ ಬಸಿರಾಗದವರಿಗೆ ಅವಸರದಲ್ಲಿ ಗೋಡೆ ಕತ್ತರಿಸುವುದು ನಮಗೆ ಒಪ್ಪಿಗೆಯಿಲ್ಲ. ಮೇಲಿಂದ ಮೇಲೆ ಗರ್ಭಪಾತವಾಗಿದ್ದರೆ ಕೂತು ಮಾತಾಡಬೇಕಾದ ವಿಷಯ.

ಬಸಿರಾದ ಮೇಲೆ 6-7ನೇ ವಾರದಲ್ಲೇ ಸ್ಕ್ಯಾನ್ ಮಾಡಿಸಿ, ಕೂಸು ಎಲ್ಲಿ ಕೂತಿದೆ ನೋಡಿಸಿ. ಒಂಟಿ ಕೊಂಬಿನ ಪಕ್ಕದ ಅರೆಬೆಳೆದ ಸಣ್ಣ ಕೊಂಬಿನಲ್ಲಿ ಕೂತಿದ್ದರೆ ಅದು ಹಿಗ್ಗಲಾರದೆ ಬಹಳ ಸಲ ನಾಲ್ಕೈದನೇ ತಿಂಗಳಲ್ಲಿ ಒಡೆದು, ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ಅಂಥ ಬಸಿರನ್ನು ಮುಂದುವರಿಸುವ ಹಾಗಿಲ್ಲ.

ಉಳಿದವರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯ, ಜಾಗ ಸಾಲದೆ ಕೂಸು ಅಡ್ಡ ಅಥವಾ ಕುಂಡಿ ಕೆಳಗಾಗಿ ಉಳಿಯುವ ಭಯ. 16ರಿಂದ 24ನೇ ವಾರದವರೆಗೆ ಎರಡು ವಾರಕ್ಕೊಮ್ಮೆ ಯೋನಿಮಾರ್ಗದ ಸ್ಕ್ಯಾನಿನಲ್ಲಿ ಗರ್ಭಕಂಠದ ಉದ್ದ ಅಳೆಯಬೇಕು. 25 ಮಿ.ಮೀ.ಗಿಂತ ಕಡಿಮೆಯಾದರೆ ರಾತ್ರಿ ಯೋನಿಯಲ್ಲಿಡುವ 200 ಮಿ.ಗ್ರಾಂ. ಪ್ರೊಜೆಸ್ಟೆರಾನ್ ಹಾರ್ಮೋನ್ ಕೊಡುತ್ತಾರೆ, ಹಿಂದೆ ಬೇಗ ಹೆರಿಗೆಯಾಗಿದ್ದವರಿಗೆ ಗರ್ಭಕಂಠಕ್ಕೆ ಹೊಲಿಗೆಯೂ ಬೇಕಾಗಬಹುದು.

ನಮ್ಮ ಕಡೆ ಎಡವಟ್ಟಾಗುವುದು ಕುಬಸದ ನಂತರ. ಏಳನೇ ತಿಂಗಳಿಗೆ ಕುಬಸ ಮಾಡಿ ಹಾನಗಲ್ಲ, ರೋಣದ ಕಡೆಯ ತವರೂರಿಗೆ ಕಳಿಸುತ್ತಾರೆ. ಬೇಗ ನೋವು ಬರುವುದೂ ಆಗಲೇ. ಕೂಸಿನ ಪುಪ್ಪುಸ ಬಲಿಯಲು ತಾಯಿಗೆ 12 ತಾಸಿಗೊಂದರಂತೆ ನಾಲ್ಕು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಬೀಳಬೇಕು, ಅದಕ್ಕೆ ಹೊತ್ತು ಸಿಗಬೇಕು. ಕುಬಸ ಮಾಡಿರಿ, ಆದರೆ 34 ವಾರ ದಾಟುವವರೆಗೆ ಎನ್‌ಐಸಿಯು (ಆಗಷ್ಟೇ ಹುಟ್ಟಿದ ಕೂಸುಗಳ ತೀವ್ರ ನಿಗಾ ಘಟಕ) ಇರುವ ಊರಿನಲ್ಲೇ ಇಟ್ಟುಕೊಳ್ಳಿರಿ. ಹೊಟ್ಟೆ ಮತ್ತೆ ಮತ್ತೆ ಬಿಗಿಯಾದರೆ, ನೀರು ಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ತಾಯಿ ಕಾರ್ಡಿನ ಮೇಲೆ ಗರ್ಭಚೀಲ ಯಾವ ನಮೂನೆಯದು ಅಂತ ದೊಡ್ಡದಾಗಿ ಬರೆಸಿ. ನಡುರಾತ್ರಿ ಹೋದಾಗ ಪಾಳಿಯ ಡಾಕ್ಟರು ಮೊದಲು ನೋಡುವುದು ಅದನ್ನೇ.