ಹತ್ತು ಸೈನು ಯಾರದ್ದು?

“ಎಲ್ಲರನ್ನೂ ಒಟ್ಟಿಗೆ ಕರ್ಕೊಂಡು ಹೋಗ್ತೇನೆ ಅಜ್ಜ, ಪಕ್ಷಭೇದ ಇಲ್ಲ.”

“ಆಯ್ತು ಮಗಾ. ನಿನ್ನ ನಾಮಪತ್ರಕ್ಕೆ ಸೈನು ಹಾಕುವ ಹತ್ತು ಜನ ಯಾರು?”

ಈ ವಾರ ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯ ಒಂದು ಜಗಲಿಯಲ್ಲಿ ಕೇಳಿದ ಮಾತು. ಮಂಜೇಶ್ವರ ಕ್ಷೇತ್ರದಲ್ಲಿ ಪಕ್ಷೇತರನಾಗಿ ವಿಧಾನಸಭೆಗೆ ನಿಲ್ಲುವ ಉಮೇದಿನ ಹುಡುಗ ಬೆರಳು ಮಡಚಿದ: ಭಾವ, ಭಾವನ ತಮ್ಮ, ಕ್ಲಬ್ಬಿನವರು, ಬದಿಯಡ್ಕದ ಒಬ್ಬ ದೋಸ್ತಿ. ಹುಡುಗ ಒಳ್ಳೆಯವನೇ, ಬಾಯಿ ಸ್ವಲ್ಪ ಮುಂದೆ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ, “ಎಲ್ಲ ನಿನ್ನ ಅಂಗಳದವರೇ ಆಯ್ತಲ್ಲ” ಅಂದರು.

ಹತ್ತು ಜನ ಯಾರು? ಭಾಷಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ, ಅಂದರೆ ನಾಮಪತ್ರಕ್ಕೆ ಸೈನು ಹಾಕುವ ಮತದಾರ, ಸಾಕು; ಪಕ್ಷೇತರನಿಗೆ ಹತ್ತು ಬೇಕು. ಅಭ್ಯರ್ಥಿ ಕೇರಳದ ಯಾವ ಕ್ಷೇತ್ರದ ಮತದಾರನಾದರೂ ಆಗುತ್ತದೆ; ಸೂಚಕರು ಮಾತ್ರ ಅದೇ ಕ್ಷೇತ್ರದವರೇ ಆಗಬೇಕು. ಬದಿಯಡ್ಕ ಕಾಸರಗೋಡು ಕ್ಷೇತ್ರಕ್ಕೆ ಸೇರಿದ್ದು, ಹಾಗಾಗಿ ಆ ದೋಸ್ತಿ ಮಂಜೇಶ್ವರದಲ್ಲಿ ಲೆಕ್ಕಕ್ಕಿಲ್ಲ. ಒಬ್ಬ ಬಿದ್ದರೆ ಉಳಿದದ್ದು ಒಂಬತ್ತು, ಪರಿಶೀಲನೆಯ ದಿನ ನಾಮಪತ್ರ ತಿರಸ್ಕೃತ. ಆಮೇಲೆ ಹೆಸರು ಸೇರಿಸಲಿಕ್ಕಿಲ್ಲ. ಇದಕ್ಕೆ ಮದ್ದು ಇದೆ: ನಾಲ್ಕು ಪ್ರತಿಯವರೆಗೆ ನಾಮಪತ್ರ ಕೊಡಬಹುದು, ಪ್ರತಿಯೊಂದಕ್ಕೂ ಬೇರೆ ಹತ್ತು ಜನ, ಠೇವಣಿ 10,000 ರೂಪಾಯಿ ಒಮ್ಮೆ ಕಟ್ಟಿದರೆ ಸಾಕು. ಸೈನು ಬಾರದವರ ಹೆಬ್ಬೆಟ್ಟಾದರೆ ಅದನ್ನು ಅಧಿಕಾರಿಯ ಎದುರೇ ಒತ್ತಿಸಬೇಕು. ಮತದಾರರ ಪಟ್ಟಿ ಪರಿಷ್ಕರಣೆಯಾದಾಗ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬದಲಾಗುವುದುಂಟು. ಹಳೆ ಚೀಟಿ ನೋಡಿ ತುಂಬಿಸಿದರೆ ಸುಮ್ಮನೆ ತಲೆಬಿಸಿ.

ಆದರೆ ಅಜ್ಜ ಕೇಳಿದ್ದು ಕಾನೂನಲ್ಲ. ಮಂಜೇಶ್ವರ, ವರ್ಕಾಡಿ, ಮೀಂಜ, ಮಂಗಲ್ಪಾಡಿ, ಪೈವಳಿಕೆ, ಕುಂಬಳೆ, ಪುತ್ತಿಗೆ, ಎಣ್ಮಕಜೆ: ಕ್ಷೇತ್ರದಲ್ಲಿ ಪಂಚಾಯತು ಎಂಟು. ಒಂದೊಂದರಿಂದ ಒಬ್ಬರು ಸೈನು ಹಾಕಿದರೂ ಇನ್ನಿಬ್ಬರಿಗೆ ಜಾಗ ಉಂಟು. ಪಕ್ಷದ ಕಾರ್ಡಿದ್ದವರು ಹಾಕಲು ಒಪ್ಪಲಿಕ್ಕಿಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ. ಹಾಲಿನ ಸೊಸೈಟಿಯವರು, ರಿಟೈರಾದ ಮೇಷ್ಟ್ರು, ಕಡಲ ಬದಿಯ ಮೀನುಗಾರ, ಕುಟುಂಬಶ್ರೀ ಮಹಿಳಾ ಸಂಘದ ಅಕ್ಕ, ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಮಾತಾಡುವವರು ಹಾಕಿದರೆ ‘ಒಟ್ಟಿಗೆ’ ಎಂಬುದು ಕಾಗದದ ಮೇಲೆ ಕಾಣುತ್ತದೆ.

ಅಂಥ ಸೈನು ಸಿಗುವುದೂ ಸುಲಭವಲ್ಲ. 1957ರಲ್ಲಿ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧ ಆಯ್ಕೆಯಾದ ಕ್ಷೇತ್ರವೇ ಇದು. 2016ರಲ್ಲಿ ಅದೇ ಕ್ಷೇತ್ರದ ಗೆಲುವಿನ ಅಂತರ 89 ಮತ, 2021ರಲ್ಲಿ 745. ಹೀಗಿರುವಾಗ ಪಕ್ಷೇತರ ಅಂದ ಕೂಡಲೇ “ಯಾರ ವೋಟು ಒಡೀಲಿಕ್ಕೆ ನಿಂತದ್ದು?” ಅಂತಲೇ ಕೇಳುತ್ತಾರೆ. ಹತ್ತೂ ಸೈನು ಒಂದೇ ಕಡೆಯದ್ದಾದರೆ ಉತ್ತರ ಅವರೇ ಕೊಟ್ಟುಕೊಳ್ಳುತ್ತಾರೆ.

ಹುಡುಗ ಕರಪತ್ರ ಕೊಟ್ಟ. ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇಲ್ಲ. ಚುನಾವಣೆಯ ಕರಪತ್ರದಲ್ಲಿ ಅದಿಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ಅದನ್ನು ಮತ್ತೆ ಅಚ್ಚು ಹಾಕಿಸಬಹುದು ಅನ್ನಿ. ನನ್ನ ತಕರಾರು ಒಳಗಿನ ವಿಷಯದ್ದು.

ಇಲ್ಲಿಯ ಶಾಸಕ 140 ಜನರಲ್ಲಿ ಒಬ್ಬ. ಇಲ್ಲಿಯವರಿಗೆ ಕಾಯಿಲೆ ಜೋರಾದರೆ ಓಡುವುದು ಮಂಗಳೂರಿಗೆ, ಅಂದರೆ ಇನ್ನೊಂದು ರಾಜ್ಯಕ್ಕೆ. 2020ರ ಮಾರ್ಚಿನಲ್ಲಿ, ಕೊರೋನಾ ಹೊತ್ತಿಗೆ, ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ರೋಗಿಗಳ ಆಂಬುಲೆನ್ಸೂ ಗಡಿಯ ತಲಪಾಡಿಯಲ್ಲಿ ನಿಂತಿತು. ದಾರಿಯ ವಿಷಯ ಕೋರ್ಟಿಗೆ ಹೋಯಿತು. ಅಂಥ ಹೊತ್ತಿಗೆ ಆಚೆ ಬದಿಯ ಶಾಸಕನಿಗೆ, ಜಿಲ್ಲಾಧಿಕಾರಿಗೆ ಫೋನು ಮಾಡಿದರೆ ಎತ್ತುವಷ್ಟು ಸಲಿಗೆ ಮೊದಲೇ ಇರಬೇಕು. ಪಕ್ಷಭೇದ ಬಿಟ್ಟೇನೆಂದ ಹುಡುಗ ಗಡಿಯ ಮಾತೇ ಎತ್ತಲಿಲ್ಲ. ಕರಪತ್ರದಲ್ಲಿ ತಿರುವನಂತಪುರ ನಾಲ್ಕು ಸಲ ಬಂದಿದೆ, ಮಂಗಳೂರು ಒಂದು ಸಲವೂ ಇಲ್ಲ.