ಕಾಕಾನ ಸೂರ್ಯ

27 ಏಪ್ರಿಲ್ 2025, ರವಿವಾರ
ಗದಗ

ರಾತ್ರಿ ಹನ್ನೊಂದಾಯಿತು, ಮಾಳಿಗೆಯ ಸಿಮೆಂಟು ಇನ್ನೂ ಕಾದೇ ಇದೆ. ಕರೆಂಟ್ ಇಲ್ಲ. ಕಾಕಾ ಲಕ್ಷ್ಮೇಶ್ವರದಿಂದ ಸಂಜೆ ಬಸ್ಸಿಗೆ ಬಂದ. ಏನೋ ಕೆಲಸ ಇದೆ ಅಂದ, ಏನಂತ ಬಾಯಿ ಬಿಡಲಿಲ್ಲ. ಕೌದಿ ಹಾಸಿಕೊಂಡು ಕೂತವನೇ,

"ಸೂರ್ಯಾನ ಕೆಟ್ಟಾನ ತಮ್ಮಾ, ಅದಕ್ಕ ವರ್ಸಾ ವರ್ಸಾ ಈಪರಿ ಸೆಕಿ. ಮೈತುಂಬ ಕಲಿ ಬಿದ್ದಾವಂತ, ಮೊಬೈಲ್‌ನ್ಯಾಗ ನೋಡೀನಿ."

ವಿಜ್ಞಾನದ ಮಾಸ್ತರನಿಗೆ ಇಷ್ಟು ಸಾಕಲ್ಲ! ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗಿ ಮತ್ತೆ ಇಳಿಯುತ್ತವೆ, ಹೋದ ವರ್ಷ ಏರಿದ್ದು ಖರೆ. ಆದರೆ ವಾತಾವರಣದ ನೆತ್ತಿಯ ಮೇಲೆ ಚದರ ಮೀಟರಿಗೆ ಬೀಳುವ ಬಿಸಿಲಿನ 1361 ವ್ಯಾಟ್‌ನಲ್ಲಿ ಅದರಿಂದ ವ್ಯತ್ಯಾಸ ಆಗೋದು ಒಂದು ವ್ಯಾಟ್ ಅಷ್ಟೇ ಅಂದೆ.

"ಕಲಿ ಹೆಚ್ಚಾದ್ರ ಸೂರ್ಯ ಮಬ್ಬ ಆಗಬೇಕಲ್ಲೋ?"

ಇಷ್ಟು ವರ್ಷದಲ್ಲಿ ಒಬ್ಬ ಹುಡುಗನೂ ಇದನ್ನು ಕೇಳಿಲ್ಲ. ಕಲೆಯ ಅಕ್ಕಪಕ್ಕ ಹೆಚ್ಚು ಹೊಳೆಯುವ ಜಾಗಗಳೂ ಏಳುತ್ತವೆ, ಕೂಡಿಸಿ ಕಳೆದರೆ ಬೆಳಕೇ ಒಂದು ಗುಂಜಿ ಜಾಸ್ತಿ. 1645ರಿಂದ 1715ರ ತನಕ ಕಲೆಗಳೇ ಹೆಚ್ಚುಕಡಿಮೆ ಕಾಣೆಯಾಗಿದ್ದವು, ಯುರೋಪಿನಲ್ಲಿ ಆಗ ಚಳಿ ಜೋರಿತ್ತು ಅಂತಲೂ ಹೇಳಿದೆ. ಹೇಳಿದ್ದೇ ತಪ್ಪಾಯಿತು.

"ನಾ ಹೇಳಿದ್ದ ಖರೆ ಆತಿಲ್ಲೋ!"

ಆ ಚಳಿ ಅದಕ್ಕೂ ಮೊದಲೇ ಹಿಡಿದಿತ್ತು, ಜ್ವಾಲಾಮುಖಿಗಳದೂ ಪಾಲಿತ್ತು ಅನ್ನುವುದನ್ನು ಅವನು ಕೇಳಿಸಿಕೊಳ್ಳಲೇ ಇಲ್ಲ. ಆಮೇಲೆ ತಾನೇ ಸಿಕ್ಕಿಬಿದ್ದ. "ಮದಲ ಬ್ಯಾಸಗ್ಯಾಗೂ ನಸುಕಿನ್ಯಾಗ ಇದ ಕೌದಿ ಹೊಚಗೋತಿದ್ವಿ. ಈಗ ರಾತ್ರಿನೂ ತಂಪಾಗಂಗಿಲ್ಲ."

"ರಾತ್ರಿ ಸೂರ್ಯ ಎಲ್ಲಿರ್ತಾನ ಕಾಕಾ?"

ಸುಮ್ಮನಾದ. ನಾನು ಬಿಡಲಿಲ್ಲ. ಹಗಲಿಗಿಂತ ರಾತ್ರಿಗಳೇ ಬೇಗ ಕಾಯುತ್ತಿವೆ. ಉಪಗ್ರಹಗಳು 1978ರಿಂದ ಅಳೆಯುತ್ತಿವೆ, ಸೂರ್ಯನ ಶಾಖ ಏರಿಲ್ಲ, ಭೂಮಿಯದು ಏರಿದೆ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಕಾಯಬೇಕಿತ್ತು, ಅದು ತಣ್ಣಗಾಗುತ್ತಿದೆ. ಕೌದಿ ಹೊದ್ದರೆ ಒಳಗೆ ಬೆವರು, ಹೊರಗೆ ತಂಪು. ಭೂಮಿಯ ಕೌದಿ ಇಂಗಾಲದ ಡೈ ಆಕ್ಸೈಡ್, ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು 420 ದಾಟಿದೆ...

ಕಾಕಾ ಬಹಳ ಹೊತ್ತು ಆಕಾಶ ನೋಡಿದ. "ಸೂರ್ಯಂದ ಆಗಿದ್ರ ಚಲೋ ಇತ್ತು ನೋಡು. 11 ವರ್ಸಕ್ಕ ಇಳೀತಿತ್ತು."

ಇದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ.

ಈಗ ಗೊರಕೆ ಹೊಡೆಯುತ್ತಿದ್ದಾನೆ. ಸೊಳ್ಳೆ ವಿಪರೀತ. ಮಾತಿನ ನಡುವೆ ಒಮ್ಮೆ "ಬೋರು ಬತ್ತೇತಿ" ಅಂದಿದ್ದ, ನಾನು ವ್ಯಾಟ್ ಲೆಕ್ಕದಲ್ಲಿದ್ದೆ. ಬಂದ ಕೆಲಸ ಅದೇ ಇರಬೇಕು. ರೊಕ್ಕ ಕೇಳಲು ಬಂದಿದ್ದರೆ, ನಸುಕಿನ ಬಸ್ಸಿಗೆ ಹೊರಡುವ ಮೊದಲು ನಾನೇ