‘ಭಾರಿ’ ಎಣಿಕೆ: ಮೂರನೇ ತಿಂಗಳು

ಅಟ್ಟದ ಮೇಲಿದ್ದ ಅಪ್ಪನ ಪೇಪರ್ ಕಟ್ಟುಗಳಲ್ಲಿ ಇನ್ನೊಂದು ಕೆಳಗಿಳಿಯಿತು. ಇದು 1983ರ ಮಳೆಗಾಲದಿಂದ 1985ರ ಚುನಾವಣೆವರೆಗಿನದು. ಪ್ರಜಾವಾಣಿ, ಕನ್ನಡಪ್ರಭ, ಸಂಯುಕ್ತ ಕರ್ನಾಟಕ ಮೂರೂ ಬೆರೆತಿವೆ. ಮೊದಲ ದಿನ ಸೀನಿದ್ದೇ ಬಂತು. ಎಂಬತ್ತರ ದಶಕದ ಪತ್ರಿಕೆಗಳು ‘ಭಾರಿ’ ಅನ್ನೋ ಪದವನ್ನು ಯಾವ್ಯಾವುದಕ್ಕೆ ಅಂಟಿಸುತ್ತಿದ್ದವು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಕೆಲಸ. ಯಾಕೆ ಅಂತ ಮನೆಯಲ್ಲೂ ಕೇಳುತ್ತಾರೆ. ಸುಮ್ನೆ.

ಫೋಟೊ ತೆಗೆದು ಓಸಿಆರ್‌ಗೆ (ಚಿತ್ರದಲ್ಲಿರುವ ಅಕ್ಷರ ಓದುವ ತಂತ್ರಾಂಶ) ಹಾಕಿದರೆ ಮುಗೀತು ಅಂದುಕೊಂಡಿದ್ದೆ. ಆದರೆ ‘ಭಾರಿ’ಗೂ ‘ಬಾರಿ’ಗೂ ಇರುವ ವ್ಯತ್ಯಾಸ ಅಕ್ಷರದ ಕೆಳಗಿನ ಒಂದು ಪುಟ್ಟ ಗೀಟು. ನಲವತ್ತು ವರ್ಷದ ಕಾಗದದಲ್ಲಿ ಅದು ಮಾಸಿದೆ, ಇಲ್ಲವೇ ಮಡಿಕೆಯಲ್ಲಿ ಸವೆದಿದೆ. ಕಂಪ್ಯೂಟರ್ ‘ಬಾರಿ ಮಳೆ’, ‘ಬಾರಿ ನಷ್ಟ’ ಅಂತ ಓದಿತು. ನಿಜವಾದ ‘ಮೊದಲ ಬಾರಿ’ಗಳೂ ಅದರೊಳಗೆ ಸೇರಿ ಪಟ್ಟಿ ಕಲಸುಮೇಲೋಗರ. ಸಾಲದ್ದಕ್ಕೆ ‘ಭಾರೀ’ ಅಂತ ದೀರ್ಘ ಎಳೆಯುವವರು ಬೇರೆ. ಈಗ ಭೂತಗನ್ನಡಿ, ಪೆನ್ಸಿಲ್ ಅಷ್ಟೇ.

ಹೋದ ತಿಂಗಳು ನನಗೊಂದು ನಿಯಮ ಸಿಕ್ಕಿದೆ ಅಂತ ಬೀಗುತ್ತಿದ್ದೆ. ಮಳೆ, ಬೆಂಕಿ, ನಷ್ಟ, ಕಳ್ಳತನ ಎಲ್ಲಾ ಭಾರಿ. ಮೆರವಣಿಗೆ, ಸಭೆ, ಯೋಜನೆ ಬೃಹತ್. ತಾನಾಗಿ ಬಂದು ಎರಗಿದ್ದು ಭಾರಿ, ಯಾರೋ ನಿಂತು ಮಾಡಿಸಿದ್ದು ಬೃಹತ್. (2007ರಲ್ಲಿ ನಮ್ಮ ಬೆಂಗಳೂರು ಪಾಲಿಕೆ ಹೆಸರಿಗೇ ‘ಬೃಹತ್’ ಸೇರಿತು, 2025ರಲ್ಲಿ ‘ಗ್ರೇಟರ್’ ಬಂದು ಅದನ್ನು ಮನೆಗೆ ಕಳಿಸಿತು.) ಚುನಾವಣೆಗೆ ಮಾತ್ರ ‘ಪ್ರಚಂಡ’. 1984ರ ಕೊನೆಗೆ ಲೋಕಸಭೆಯಲ್ಲಿ ಕಾಂಗ್ರೆಸ್ 400 ದಾಟಿತು, ನಮ್ಮ 28ರಲ್ಲೇ 24 ಕೊಟ್ಟೆವು. ಮೂರು ತಿಂಗಳಿಗೆ ವಿಧಾನಸಭೆಯ 224ರಲ್ಲಿ 139 ಜನತಾ ಪಕ್ಷಕ್ಕೆ. ಮತದಾರರು ಅವರೇ, ‘ಪ್ರಚಂಡ’ವೂ ಅದೇ!

ಈ ನಿಯಮ ಹೊತ್ತುಕೊಂಡು ಭಾನುವಾರ ಚಾಮರಾಜಪೇಟೆಗೆ ಹೋದೆ. ಗೆಳೆಯನ ಮಾವ ಹಿಂದೆ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಪೂರ್ತಿ ಕೇಳಿಸಿಕೊಂಡು ನಕ್ಕರು.

“ಅರ್ಥ ಗಿರ್ಥ ಎಲ್ಲಾ ಆಮೇಲೆ ಕಣಪ್ಪಾ. ಎರಡು ಕಾಲಂ ಹೆಡ್ಡಿಂಗು, ಸಾಲು ತುಂಬಲಿಲ್ಲ ಅಂತಿಟ್ಕೋ. ಒಂದು ‘ಭಾರಿ’ ಸೇರಿಸಿ ಕೊಡೋರು. ಜಾಸ್ತಿ ಆಯ್ತಾ, ಮೊದಲು ಕಿತ್ತು ಹಾಕೋದೂ ಅದನ್ನೇ. ಎರಡೇ ಅಕ್ಷರ ಅಲ್ವಾ?”

ಮನೆಗೆ ಬಂದವನೇ ಕಟ್ಟು ಬಿಚ್ಚಿದೆ. ಒಂದು ಪುಟ್ಟ ಸುದ್ದಿ ಕಣ್ಣಿಗೆ ಬಿತ್ತು. ತಲೆಬರಹದಲ್ಲಿ ಭಾರಿ ಮಳೆ. ಒಳಗಿನ ನಾಲ್ಕು ಸಾಲಿನಲ್ಲಿ ‘ಭಾರಿ’ ಇಲ್ಲವೇ ಇಲ್ಲ. ಒಂದು ಕಾಂಪೌಂಡ್ ಗೋಡೆ ಬಿದ್ದಿದೆ, ಯಾರಿಗೂ ಏಟಾಗಿಲ್ಲ. ಈಗಿನ ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ.ನಿಂದ 115.5 ಮಿ.ಮೀ. ಸುರಿದರೆ ಭಾರಿ, ಅಲ್ಲಿಂದ 204.4ರ ತನಕ ಅತಿ ಭಾರಿ. ಆ ಗೋಡೆ ಕೆಡವಿದ ಮಳೆ ಎಷ್ಟು ಮಿಲಿಮೀಟರೋ, ಸಾಲನ್ನಂತೂ ಅಂಚಿನ ತನಕ ತುಂಬಿಸಿದೆ.

ಹಳೆಯ ಕಟ್ಟಿನ ಒಂದು ಪುಟ ಮಾತ್ರ ಈ ಲೆಕ್ಕಕ್ಕೆ ಸಿಗುತ್ತಿಲ್ಲ. 1981ರ ಫೆಬ್ರುವರಿಯದು, ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದ ಸುದ್ದಿ. ಸತ್ತವರು 92, ಹೆಚ್ಚಿನವರು ಮಕ್ಕಳು. ಅವತ್ತು ಪೆನ್ಸಿಲ್ ಹಿಡಿದೇ ಕೂತಿದ್ದೆ, ಆ ಪುಟದ ಎದುರಿಗೆ ನೋಟ್‌ಬುಕ್ಕಿನಲ್ಲಿ ಏನೂ ಬರೆದಿಲ್ಲ. ಅದನ್ನು ಹಾಗೇ ಬಿಡುತ್ತೇನೆ.

ಉಳಿದವಕ್ಕೆಲ್ಲ ‘ಹೆಡ್ಡಿಂಗ್ ಎಷ್ಟು ಕಾಲಂ’ ಅಂತ ಹೊಸ ಗೆರೆ ಎಳೆದಿದ್ದೇನೆ. ಅಂದರೆ ಮೊದಲೆರಡು ಕಟ್ಟುಗಳನ್ನು ಮತ್ತೆ ಬಿಚ್ಚಬೇಕು. ಈ ಸಲ ಮಾಸ್ಕ್ ತಂದಿಟ್ಟಿದ್ದೇನೆ.